ಡೀಸೆಲ್ ಬೆಂಕಿಕಡ್ಡಿಯಾದಾಗ: ಎರಡು ಇಂಧನದ ಇಂಜಿನ್ ಒಳಗೆ ನಡೆಯುವುದೇನು?

ತುಮಕೂರು ಜಿಲ್ಲೆಯ ಹೊಸಹಳ್ಳಿಗೆ 1988ರಲ್ಲಿ ಕರೆಂಟ್ ಬಂತು. ಕಂಬ ನೆಟ್ಟು, ತಂತಿ ಎಳೆದು, ದೂರದ ಪವರ್ ಹೌಸಿನಿಂದ ತಂದದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಊರಿನಲ್ಲೇ ಒಂದು ಗ್ಯಾಸಿಫೈಯರ್ ನಿಲ್ಲಿಸಿ, ಸೌದೆ ತುಂಡುಗಳಿಂದ ಗ್ಯಾಸ್ ತೆಗೆದು, ಆ ಗ್ಯಾಸನ್ನು ಡೀಸೆಲ್ ಇಂಜಿನ್ನಿಗೆ ಕೊಟ್ಟು ಜನರೇಟರ್ ತಿರುಗಿಸಿದರು. ಮೊದಲು ಅದು 3.7 ಕಿಲೋವ್ಯಾಟ್‌ನ ಪುಟ್ಟ ಘಟಕ, ಮುಂದೆ 20 ಕಿಲೋವ್ಯಾಟ್‌ಗೆ ಏರಿತು. ಇದಕ್ಕೆ ಸ್ವಲ್ಪ ಮುಂಚೆಯೇ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಇದೇ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು ಊರ ದನಗಳ ಸಗಣಿ ಸೇರಿಸಿ, ಗೋಬರ್ ಗ್ಯಾಸ್ ಮಾಡಿ, ಅದರಿಂದ ನೀರೆತ್ತಿ ದೀಪ ಹಚ್ಚಿದ್ದರು. ‘ಅಸ್ತ್ರ’ವನ್ನು 1974ರಲ್ಲಿ ಕಟ್ಟಿದವರು ಅಮೂಲ್ಯ ಕೆ.ಎನ್. ರೆಡ್ಡಿ. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹಳ್ಳಿಯಲ್ಲೇ ನಿಂತು ಕೆಲಸ ಮಾಡಬೇಕು ಎಂಬುದು ಅವರ ಹಟ.

ಎರಡೂ ಊರುಗಳಲ್ಲಿ ಬಳಸಿದ್ದು ಸಾಧಾರಣ ಡೀಸೆಲ್ ಇಂಜಿನ್ನನ್ನೇ. ಬಾವಿಯ ಪಂಪಿಗೆ ಕೂರಿಸುತ್ತಾರಲ್ಲ, ಆ ಜಾತಿಯದು. ಸೌದೆಯ ಗ್ಯಾಸೂ ಸಗಣಿಯ ಗ್ಯಾಸೂ ಡೀಸೆಲ್ಲಿಗೆಂದೇ ಮಾಡಿದ ಇಂಜಿನ್ನಿನಲ್ಲಿ ಹೇಗೆ ಉರಿಯುತ್ತವೆ? ಉರಿದ ಮೇಲೆ ಹೊಗೆ ಕೊಳವೆಯಿಂದ ಏನು ಹೊರಬರುತ್ತದೆ? ಇವೆರಡು ಪ್ರಶ್ನೆಗಳನ್ನು ಹಿಡಿದುಕೊಂಡು ಹೋದರೆ ಇಂದು ಸಮುದ್ರದಲ್ಲಿ ಓಡುವ ದೊಡ್ಡ ಹಡಗಿನ ಇಂಜಿನ್ನೂ ಅರ್ಥವಾಗುತ್ತದೆ.

ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ಮುಟ್ಟಿ ನೋಡಿರುತ್ತೀರಿ. ಇಲ್ಲಿ ಆಗುವುದೂ ಅದೇ, ಆದರೆ ಭಾರೀ ಪ್ರಮಾಣದಲ್ಲಿ. ಪಿಸ್ಟನ್ ಗಾಳಿಯನ್ನು ಹದಿನಾರು, ಹದಿನೇಳು ಪಟ್ಟು ಚಿಕ್ಕ ಜಾಗಕ್ಕೆ ಒತ್ತುತ್ತದೆ, ಗಾಳಿಯ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕ್ಷಣಕ್ಕೆ ನಾಜಲ್‌ನಿಂದ ಡೀಸೆಲ್ ಮಂಜಿನಂತೆ ಚಿಮ್ಮಿದರೆ ತಾನಾಗಿಯೇ ಹತ್ತಿಕೊಳ್ಳುತ್ತದೆ. ಡೀಸೆಲ್ ತಾನಾಗಿ ಹತ್ತಿಕೊಳ್ಳಲು 250 ಡಿಗ್ರಿಯ ಆಸುಪಾಸು ಸಾಕು.

ಗೋಬರ್ ಗ್ಯಾಸಿನ ಜೀವಾಳವಾದ ಮೀಥೇನ್ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ. ಅದಕ್ಕೆ 540 ಡಿಗ್ರಿಯ ಆಚೀಚೆ ಬೇಕು, ಜೊತೆಗೆ ಸಮಯವೂ ಬೇಕು. ಇಂಜಿನ್ನಿನಲ್ಲಿ ಆ ಸಮಯವೇ ಇಲ್ಲ. ನಿಮಿಷಕ್ಕೆ 1500 ಸುತ್ತು ತಿರುಗುವ ಇಂಜಿನ್ನಿನಲ್ಲಿ ಒಂದು ಸುತ್ತಿಗೆ 40 ಮಿಲಿಸೆಕೆಂಡ್. ಉರಿ ಹತ್ತಿ, ಹರಡಿ, ಪಿಸ್ಟನ್ನನ್ನು ಕೆಳಗೆ ತಳ್ಳುವ ಮುಖ್ಯ ಕೆಲಸವೆಲ್ಲ ಸುಮಾರು ಐದು ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಹಾಗಾಗಿ ಗಾಳಿಯ ಜೊತೆ ಗ್ಯಾಸ್ ಬೆರೆಸಿ ಒಳಗೆ ಬಿಟ್ಟು ಎಷ್ಟೇ ಒತ್ತಿದರೂ ಅದು ಹತ್ತದೆ ಸುಮ್ಮನೆ ಹೊರಗೆ ಹೋಗುತ್ತದೆ. ಹೊತ್ತಿಸಲು ಕಡ್ಡಿ ಗೀರಬೇಕು. ಆ ಕಡ್ಡಿಯೇ ಡೀಸೆಲ್. ಸ್ವಲ್ಪವೇ ಡೀಸೆಲ್ ಚಿಮ್ಮಿ ಹತ್ತಿಕೊಳ್ಳುತ್ತದೆ, ಅದರ ಉರಿ ಸುತ್ತಲಿನ ಗ್ಯಾಸಿಗೆ ತಗಲುತ್ತದೆ. ಇಂಜಿನಿಯರುಗಳು ಇದನ್ನು ಪೈಲಟ್ ಎನ್ನುತ್ತಾರೆ. ಡ್ಯುಯಲ್ ಫ್ಯೂಯಲ್ ಇಂಜಿನ್ ಎಂದರೆ ಇಷ್ಟೇ: ಉರಿಯುವ ಸೌದೆ ಒಂದು, ಹಚ್ಚುವ ಕಡ್ಡಿ ಇನ್ನೊಂದು.

ಈ ಇಂಜಿನ್ನಿನ ಸೊಗಸು ನನಗೆ ಹಿಡಿಸಿದ್ದು ಕಾಲೇಜಿನ ಲ್ಯಾಬಿನಲ್ಲಿ. ನಮ್ಮ ದೇಶದ ಬಹಳಷ್ಟು ಇಂಜಿನಿಯರಿಂಗ್ ಕಾಲೇಜುಗಳಲ್ಲಿರುವ ಕಿರ್ಲೋಸ್ಕರ್ ಟಿವಿ1 ಅಲ್ಲೂ ಇತ್ತು: ಒಂದೇ ಸಿಲಿಂಡರ್, 661 ಸಿಸಿ, 1500 ಸುತ್ತಿಗೆ 5.2 ಕಿಲೋವ್ಯಾಟ್. ಡೀಸೆಲ್ ಟ್ಯಾಂಕಿನಿಂದ ಬರುವ ಕೊಳವೆಗೆ ಒಂದು ಬ್ಯುರೆಟ್, ಅಂದರೆ ಅಳತೆಯ ಗೆರೆಗಳಿರುವ ಗಾಜಿನ ನಳಿಗೆ. 10 ಸಿಸಿ ಇಳಿಯಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಸ್ಟಾಪ್‌ವಾಚ್ ಒತ್ತಿ ಬರೆದುಕೊಳ್ಳಬೇಕು. ಮುಕ್ಕಾಲು ಲೋಡಿನಲ್ಲಿ, ಅಂದರೆ ಇಂಜಿನ್ ತನ್ನ ಪೂರ್ತಿ ಶಕ್ತಿಯ ಮುಕ್ಕಾಲು ಪಾಲು ಕೆಲಸ ಮಾಡುತ್ತಿರುವಾಗ, ಬರೀ ಡೀಸೆಲ್‌ಗೆ ಸುಮಾರು 27 ಸೆಕೆಂಡು. ಆಮೇಲೆ ಗಾಳಿ ಒಳಹೋಗುವ ಕೊಳವೆಗೆ ಜೋಡಿಸಿದ್ದ ಗ್ಯಾಸ್ ವಾಲ್ವನ್ನು ನಿಧಾನವಾಗಿ ತೆರೆದೆವು. ಇಂಜಿನ್ ಒಂದು ಕ್ಷಣ ಜೋರಾಗಲು ಹೊರಟಿತು, ತಕ್ಷಣ ಮತ್ತೆ ಅದೇ ಲಯಕ್ಕೆ ಬಂತು. ಬ್ಯುರೆಟ್ಟಿನಲ್ಲಿ ಡೀಸೆಲ್ ಇಳಿಯುವುದು ಮಾತ್ರ ನಿಧಾನವಾಗಿತ್ತು. 27 ಇದ್ದದ್ದು 40 ಆಯಿತು, 60 ದಾಟಿತು.

ಡೀಸೆಲ್ ಕಡಿಮೆ ಮಾಡಿದ್ದು ನಾವಲ್ಲ, ಗವರ್ನರ್. ಇಂಜಿನ್ನಿನ ವೇಗ ಏರಿದರೆ ಡೀಸೆಲ್ ತಗ್ಗಿಸುವುದು, ಇಳಿದರೆ ಹೆಚ್ಚಿಸುವುದು ಅದರ ಕೆಲಸ. ಗ್ಯಾಸಿನಿಂದ ಶಕ್ತಿ ಸಿಕ್ಕಿ ವೇಗ ಏರತೊಡಗಿದ ಕೂಡಲೇ ಅದು ಡೀಸೆಲ್ಲಿಗೆ ಕಡಿವಾಣ ಹಾಕುತ್ತದೆ. ಗ್ಯಾಸ್ ಮುಗಿದರೆ ತಾನಾಗಿಯೇ ಡೀಸೆಲ್ ಹೆಚ್ಚಿಸಿಕೊಂಡು ಇಂಜಿನ್ ನಿಲ್ಲದಂತೆ ಕಾಯುತ್ತದೆ. ಇಂಜಿನ್ನಿನ ಒಳಗೆ ಒಂದು ಸ್ಕ್ರೂ ಕೂಡ ಬದಲಿಸದೆ ಹಳ್ಳಿಗಳಲ್ಲಿ ಈ ಕೆಲಸ ಸಾಧ್ಯವಾದದ್ದು ಇದರಿಂದಲೇ. ಸೌದೆ ಒದ್ದೆಯಿದ್ದ ದಿನವೂ ದೀಪ ಆರುವುದಿಲ್ಲ, ಡೀಸೆಲ್ ಖರ್ಚು ಹೆಚ್ಚುತ್ತದೆ ಅಷ್ಟೆ.

ಗ್ಯಾಸ್ ಎಂದರೆ ಎಲ್ಲವೂ ಒಂದೇ ಅಲ್ಲ. ಗೋಬರ್ ಗ್ಯಾಸಿನಲ್ಲಿ ನೂರಕ್ಕೆ 55ರಿಂದ 65 ಭಾಗ ಮೀಥೇನ್, ಉಳಿದದ್ದು ಹೆಚ್ಚುಪಾಲು ಉರಿಯದ ಇಂಗಾಲದ ಡೈಆಕ್ಸೈಡ್. ಒಂದು ಘನ ಮೀಟರಿಗೆ 20 ಮೆಗಾಜೌಲ್‌ಗಿಂತ ಸ್ವಲ್ಪ ಹೆಚ್ಚು ಶಾಖ. ಸೌದೆಯಿಂದ ಬರುವ ಪ್ರೊಡ್ಯೂಸರ್ ಗ್ಯಾಸ್ ತೀರಾ ಬಡಕಲು. ಸೌದೆಗೆ ಪೂರ್ತಿ ಗಾಳಿ ಕೊಡದೆ, ಅರೆ ಉಸಿರಿನಲ್ಲಿ ಸುಟ್ಟಾಗ ಬರುವ ಈ ಗ್ಯಾಸಿನಲ್ಲಿ ಸುಮಾರು ಐದನೇ ಒಂದು ಭಾಗ ಕಾರ್ಬನ್ ಮಾನಾಕ್ಸೈಡ್, ಹೆಚ್ಚುಕಮ್ಮಿ ಅಷ್ಟೇ ಹೈಡ್ರೋಜನ್, ಅರ್ಧದಷ್ಟು ಗಾಳಿಯಿಂದಲೇ ಬಂದ ನೈಟ್ರೋಜನ್. ಘನ ಮೀಟರಿಗೆ 5 ಮೆಗಾಜೌಲ್ ಸಿಗುವುದೂ ಕಷ್ಟ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ಹೋಲಿಸಿದರೆ ಏಳನೇ ಒಂದು ಪಾಲು. ಇಷ್ಟಾದರೂ ಮೂರೂವರೆ ಕಿಲೋ ಒಣ ಸೌದೆ ಹೆಚ್ಚುಕಮ್ಮಿ ಒಂದು ಲೀಟರ್ ಡೀಸೆಲ್ಲಿನ ಕೆಲಸ ಮಾಡುತ್ತದೆ ಎಂಬ ಲೆಕ್ಕ, ಡೀಸೆಲ್ ಕ್ಯಾನ್ ಹೊತ್ತು ತರಬೇಕಾದ ಊರಿಗೆ ಸಣ್ಣ ಮಾತಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಪ್ರೊಡ್ಯೂಸರ್ ಗ್ಯಾಸಿನಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣ ತೆಗೆಯುವ ವಿಷ. ಗ್ಯಾಸಿಫೈಯರ್ ಇರುವ ಶೆಡ್ಡಿಗೆ ಗೋಡೆ ಕಮ್ಮಿ ಇದ್ದಷ್ಟೂ ಒಳ್ಳೆಯದು.

ಈಗ ಸಿಲಿಂಡರ್ ಒಳಗೆ ಇಣುಕೋಣ. ಸಿಲಿಂಡರಿನ ತಲೆಗೆ ಒತ್ತಡ ಅಳೆಯುವ ಸೆನ್ಸರ್ ಕೂರಿಸಿದರೆ, ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿ ಬದಲಿಸುವ ಕ್ರ್ಯಾಂಕ್ ತಿರುಗಿದಂತೆ ಒತ್ತಡ ಹೇಗೆ ಏರಿಳಿಯುತ್ತದೆ ಎಂಬುದು ಪರದೆಯ ಮೇಲೆ ಗುಡ್ಡದ ಹಾಗೆ ಮೂಡುತ್ತದೆ. ಬರೀ ಡೀಸೆಲ್ಲಿನಲ್ಲಿ ಆ ಗುಡ್ಡ ಕಡಿದಾಗಿ ಏರುತ್ತದೆ. ಗೋಬರ್ ಗ್ಯಾಸೋ ಪ್ರೊಡ್ಯೂಸರ್ ಗ್ಯಾಸೋ ಸೇರಿದರೆ ಏರು ತಡವಾಗುತ್ತದೆ, ತುದಿ ತಗ್ಗುತ್ತದೆ, ಇಳಿಜಾರು ಉದ್ದವಾಗುತ್ತದೆ. ಕಾರಣ ಇದು. ಗ್ಯಾಸ್ ತನ್ನಷ್ಟು ಗಾಳಿಯನ್ನು ಹೊರಗಟ್ಟಿಯೇ ಒಳಗೆ ಬಂದಿರುತ್ತದೆ. ಪ್ರೊಡ್ಯೂಸರ್ ಗ್ಯಾಸಾದರೆ ಒಂದು ಪಾಲು ಗ್ಯಾಸ್ ಉರಿಯಲು ಒಂದೂಕಾಲು ಪಾಲು ಗಾಳಿ ಸಾಕು, ಹಾಗಾಗಿ ಪೂರ್ತಿ ಕೊಟ್ಟಾಗ ಸಿಲಿಂಡರಿನ ಅರ್ಧ ಜಾಗವನ್ನು ಅದೇ ಹಿಡಿಯುತ್ತದೆ. ಆಮ್ಲಜನಕ ಕಡಿಮೆಯಾಗುತ್ತದೆ, ಒತ್ತಿದ ಮಿಶ್ರಣದ ಶಾಖವೂ ಕೊಂಚ ತಗ್ಗುತ್ತದೆ. ಡೀಸೆಲ್ ಹನಿಗಳು ಹತ್ತಿಕೊಳ್ಳಲು ತಡಮಾಡುತ್ತವೆ. ಹತ್ತಿದ ಮೇಲೆ ಮೊದಲು ಡೀಸೆಲ್ಲಿನ ಒಂದು ಭಾಗ ಭಗ್ಗೆಂದು ಉರಿಯುತ್ತದೆ, ಬಳಿಕ ಅದರ ಮಗ್ಗುಲಲ್ಲಿದ್ದ ಗ್ಯಾಸ್, ಕೊನೆಗೆ ಉರಿ ಗೋಡೆಯಂತೆ ಸಾಗುತ್ತ ಮೂಲೆಯಲ್ಲಿದ್ದ ಗ್ಯಾಸನ್ನು ತಲುಪುತ್ತದೆ. ಈ ಕೊನೆಯ ಹಂತಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಪಿಸ್ಟನ್ ಕೆಳಗಿಳಿಯುತ್ತಿರುತ್ತದೆ. ತಡವಾಗಿ ಹುಟ್ಟಿದ ಶಾಖ ಪಿಸ್ಟನ್ನನ್ನು ತಳ್ಳುವ ಬದಲು ಹೊಗೆ ಕೊಳವೆಯನ್ನು ಬಿಸಿಮಾಡುತ್ತದೆ.

ಇದರಿಂದ ದಕ್ಷತೆ ಇಳಿಯುತ್ತದೆ. ‘ನೂರಕ್ಕೆ 70 ಭಾಗ ಡೀಸೆಲ್ ಉಳಿತಾಯ’ ಎಂಬ ಮಾತು ಕೇಳಿದಾಗ ಜನ ತಪ್ಪು ಲೆಕ್ಕ ಹಾಕುವುದು ಇಲ್ಲೇ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಬರೀ ಡೀಸೆಲ್ಲಿನಲ್ಲಿ ದಕ್ಷತೆ ನೂರಕ್ಕೆ 30, ಗ್ಯಾಸ್ ಸೇರಿದಾಗ 22 ಎಂದಿಟ್ಟುಕೊಳ್ಳಿ. ಒಂದು ಯೂನಿಟ್ ಕೆಲಸಕ್ಕೆ ಮೊದಲು 12 ಮೆಗಾಜೌಲ್ ಡೀಸೆಲ್ ಬೇಕಿತ್ತು, ಈಗ ಒಟ್ಟು 16.4 ಮೆಗಾಜೌಲ್ ಇಂಧನ ಬೇಕು. ಡೀಸೆಲ್ 70 ಭಾಗ ಉಳಿಯಿತು, ಸರಿ. 12ರ ಜಾಗದಲ್ಲಿ 3.6 ಸಾಕಾಯಿತು. ಬಾಕಿ 12.8 ಮೆಗಾಜೌಲ್ ಗ್ಯಾಸಿನದು. ಅಂದರೆ 8.4 ಉಳಿಸಲು 12.8 ಸುಟ್ಟಿದ್ದೇವೆ. ಗ್ಯಾಸ್ ಸಗಣಿಯಿಂದಲೋ ಊರ ತೋಪಿನ ಸೌದೆಯಿಂದಲೋ ಬಂದರೆ ಈ ಲೆಕ್ಕ ಒಪ್ಪಬಹುದು. ದುಡ್ಡು ಕೊಟ್ಟು ಕೊಂಡ ಗ್ಯಾಸಾದರೆ ಕೈಯಲ್ಲಿ ಪೆನ್ನು ಹಿಡಿದು ಕೂರಲೇಬೇಕು. ದೆಹಲಿಯ ಸುತ್ತ 2023ರ ಅಕ್ಟೋಬರಿನಿಂದ ಡೀಸೆಲ್ ಜನರೇಟರುಗಳ ಮೇಲೆ ನಿಯಮ ಬಿಗಿಯಾದ ಮೇಲೆ ಎಷ್ಟೋ ಜನ 70 ಭಾಗ ಗ್ಯಾಸಿನ ಕಿಟ್ ಹಾಕಿಸಿದರು. ಅಲ್ಲಿ ಮುಖ್ಯ ಗುರಿ ಹೊಗೆ ತಗ್ಗಿಸುವುದು, ಆದರೂ ಈ ಲೆಕ್ಕ ಅವರಿಗೂ ಬಿಟ್ಟದ್ದಲ್ಲ.

ಆ 22 ಎಂಬ ಅಂಕಿ ಸ್ಥಿರವೂ ಅಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ಎರಡು ಇಂಧನದ ಇಂಜಿನ್ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ತೀರ್ಮಾನಿಸುವುದು ಅದಕ್ಕೆ ಹಾಕುವ ಗ್ಯಾಸಿಗಿಂತ ಹೆಚ್ಚಾಗಿ ಅದರ ಮೇಲಿರುವ ಲೋಡ್. ಡೀಸೆಲ್ ಇಂಜಿನ್ ಯಾವಾಗಲೂ ಹೊಟ್ಟೆತುಂಬ ಗಾಳಿ ಎಳೆದುಕೊಳ್ಳುತ್ತದೆ. ಲೋಡ್ ಕಡಿಮೆಯಿದ್ದಾಗ ಇಂಧನ ಮಾತ್ರ ಕಡಿಮೆಯಾಗುತ್ತದೆ. ಬರೀ ಡೀಸೆಲ್ಲಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಚಿಮ್ಮಿದ ಹನಿಯ ಸುತ್ತ ಅದರದೇ ದಟ್ಟ ಆವಿ ಇರುತ್ತದೆ. ಗ್ಯಾಸ್ ಹಾಗಲ್ಲ, ಅದು ಇಡೀ ಸಿಲಿಂಡರಿನಲ್ಲಿ ಹರಡಿಕೊಂಡಿರುತ್ತದೆ. ಸ್ವಲ್ಪ ಗ್ಯಾಸನ್ನು ತುಂಬ ಗಾಳಿಯಲ್ಲಿ ಕಲಸಿದರೆ ನೀರು ಹೆಚ್ಚಾದ ಮಜ್ಜಿಗೆಯಂತೆ ತೆಳುವಾಗುತ್ತದೆ. ಒಂದು ಮಿತಿಗಿಂತ ತೆಳುವಾದ ಮಿಶ್ರಣದಲ್ಲಿ ಉರಿ ಮುಂದಕ್ಕೆ ಸಾಗುವುದೇ ಇಲ್ಲ. ಪೈಲಟ್ಟಿನ ಪಕ್ಕದಲ್ಲಿದ್ದಷ್ಟು ಗ್ಯಾಸ್ ಉರಿದು, ದೂರದ್ದು ಹಾಗೇ ಉಳಿದು, ಮುಂದಿನ ಹೊಡೆತಕ್ಕೆ ಹೊಗೆಯ ಜೊತೆ ಆಚೆ ಹೋಗುತ್ತದೆ. ಕಾಲು ಲೋಡಿನಲ್ಲಿ ಓಡುವ ಇಂಥ ಇಂಜಿನ್ನಿನ ಹೊಗೆ ಕೊಳವೆಯಲ್ಲಿ ನಾವು ಕಷ್ಟಪಟ್ಟು ತಯಾರಿಸಿದ ಗ್ಯಾಸೇ ಸೋರುತ್ತಿರುತ್ತದೆ. ಮುಕ್ಕಾಲು ಲೋಡು ದಾಟಿದರೆ ಮಿಶ್ರಣ ಗಟ್ಟಿಯಾಗುತ್ತದೆ, ಉರಿ ಗೋಡೆಯಿಂದ ಗೋಡೆಗೆ ಓಡುತ್ತದೆ, ದಕ್ಷತೆ ಡೀಸೆಲ್ಲಿನ ಹತ್ತಿರಕ್ಕೆ ಬರುತ್ತದೆ. ಬಡಕಲು ಪ್ರೊಡ್ಯೂಸರ್ ಗ್ಯಾಸಿನಲ್ಲಿ ಆಗಲೂ ಕೊಂಚ ಹಿಂದೆಯೇ ಉಳಿಯುತ್ತದೆ.

ಲೋಡ್ ತೀರಾ ಹೆಚ್ಚಾದರೆ ಬೇರೆ ತೊಂದರೆ. ಉರಿ ಬಂದು ತಲುಪುವ ಮೊದಲೇ ಮೂಲೆಯ ಗ್ಯಾಸ್ ಒತ್ತಡಕ್ಕೆ ತಾನಾಗಿ ಸಿಡಿಯುತ್ತದೆ. ಸುತ್ತಿಗೆಯಿಂದ ಕಬ್ಬಿಣಕ್ಕೆ ಬಡಿದಂತೆ ಟಣ್ ಟಣ್ ಸದ್ದು ಬಂದರೆ ಅದೇ ನಾಕಿಂಗ್, ವಾಲ್ವ್ ತಿರುಗಿಸಿ ಗ್ಯಾಸ್ ತಗ್ಗಿಸಲೇಬೇಕು. ಹೈಡ್ರೋಜನ್ ಹೆಚ್ಚಿದ್ದಾಗ ಈ ಭಯ ಹೆಚ್ಚು, ಏಕೆಂದರೆ ಹೈಡ್ರೋಜನ್ನಿನಲ್ಲಿ ಉರಿ ಮೀಥೇನಿಗಿಂತ ಹಲವು ಪಟ್ಟು ವೇಗವಾಗಿ ಓಡುತ್ತದೆ.

ಇನ್ನು ಹೊಗೆಯ ವಿಚಾರ. ಹೊಗೆ ಅಳೆಯುವ ಹಳೆಯ ವಿಧಾನದಲ್ಲಿ ಒಂದು ಬಿಳಿ ಫಿಲ್ಟರ್ ಕಾಗದದ ಮೂಲಕ ಹೊಗೆಯನ್ನು ಎಳೆಯುತ್ತಾರೆ. ಲೋಡಿನ ಮೇಲಿದ್ದ ಡೀಸೆಲ್ಲಿನದು ಕಾಡಿಗೆ ಬೊಟ್ಟಿನಂತೆ ಕಪ್ಪು ಚುಕ್ಕೆ. ಅದೇ ಲೋಡಿನಲ್ಲಿ ಗ್ಯಾಸ್ ಸೇರಿಸಿ ಎಳೆದಾಗ ವಿಭೂತಿ ಒರೆಸಿದಷ್ಟು ತೆಳು ಬೂದು ಬಣ್ಣ. ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಬೇರೆ ಪುರಾವೆ ಬೇಡ. ಮಸಿ ಹುಟ್ಟುವುದು ಡೀಸೆಲ್ ಹನಿಯ ದಟ್ಟ ನಡುಭಾಗದಲ್ಲಿ, ಗಾಳಿ ಸಿಗದ ಕಡೆ. ಗ್ಯಾಸ್ ಮೊದಲೇ ಗಾಳಿಯಲ್ಲಿ ಬೆರೆತಿರುವುದರಿಂದ ಅಂಥ ಉಸಿರುಕಟ್ಟಿದ ಜಾಗವೇ ಕಡಿಮೆ.

ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡುಗಳೂ ಸಾಮಾನ್ಯವಾಗಿ ಇಳಿಯುತ್ತವೆ. ಗಾಳಿಯ ನೈಟ್ರೋಜನ್ ಸುಲಭಕ್ಕೆ ಯಾರ ಜೊತೆಗೂ ಸೇರುವುದಿಲ್ಲ. ಉರಿಯ ಶಾಖ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಮಾತ್ರ ಆಮ್ಲಜನಕದೊಡನೆ ಬೇಗಬೇಗ ಕೂಡತೊಡಗುತ್ತದೆ. ಈ ದಾರಿಯನ್ನು ವಿವರಿಸಿದ ರಷ್ಯದ ವಿಜ್ಞಾನಿ ಯಾಕೊವ್ ಜೆಲ್ಡೊವಿಚ್ ಅವರ ಹೆಸರೇ ಅದಕ್ಕೆ ನಿಂತಿದೆ. ಗೋಬರ್ ಗ್ಯಾಸಿನ ಇಂಗಾಲದ ಡೈಆಕ್ಸೈಡೂ ಪ್ರೊಡ್ಯೂಸರ್ ಗ್ಯಾಸಿನ ನೈಟ್ರೋಜನ್ನೂ ತಾವು ಉರಿಯದೆ ಶಾಖವನ್ನು ಹೀರಿಕೊಂಡು ಉರಿಯನ್ನು ತಣ್ಣಗಿಡುತ್ತವೆ. ಗ್ಯಾಸ್ ಬಡಕಲಾಗಿರುವುದು ಇಲ್ಲಿ ಉಪಕಾರಕ್ಕೆ ಬಂತು. ಹೈಡ್ರೋಜನ್ ಸೇರಿಸಿದಾಗ ಕಥೆ ತಿರುಗುತ್ತದೆ: ಉರಿ ಬಿಸಿಯಾಗಿ, ವೇಗವಾಗಿ ಸಾಗುವುದರಿಂದ ಹೆಚ್ಚಿನ ಲೋಡಿನಲ್ಲಿ ನೈಟ್ರೋಜನ್ ಆಕ್ಸೈಡ್ ಏರುತ್ತದೆ.

ಏರುವುದು ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯದ ಹೈಡ್ರೋಕಾರ್ಬನ್. ಪ್ರೊಡ್ಯೂಸರ್ ಗ್ಯಾಸಿನಲ್ಲಂತೂ ಇಂಧನವೇ ಕಾರ್ಬನ್ ಮಾನಾಕ್ಸೈಡ್. ಉರಿ ಮುಟ್ಟದ ಪಾಲೆಲ್ಲ ನೇರವಾಗಿ ಹೊಗೆಯಲ್ಲಿ ಕಾಣುತ್ತದೆ. ಎಂದರೆ ಮತ್ತೆ ಲೋಡಿನ ಮಾತಿಗೇ ಬಂದು ನಿಂತೆವು.

ಸಗಣಿಯ ಗ್ಯಾಸಿನಿಂದ ಸಮುದ್ರಕ್ಕೆ ಒಂದು ಜಿಗಿತ. ಇಂದು ದ್ರವ ನೈಸರ್ಗಿಕ ಅನಿಲ ತುಂಬಿಕೊಂಡು ಓಡುವ ಬಹಳಷ್ಟು ಹಡಗುಗಳಲ್ಲಿ ಇರುವುದು ಡ್ಯುಯಲ್ ಫ್ಯೂಯಲ್ ಇಂಜಿನ್ನುಗಳೇ. ಅವುಗಳಲ್ಲಿ ಪೈಲಟ್ ಡೀಸೆಲ್ ಒಟ್ಟು ಇಂಧನದ ನೂರನೇ ಒಂದು ಪಾಲಿನಷ್ಟು ಮಾತ್ರ. ಮಸಿ ಇಲ್ಲವೆನ್ನಬಹುದು, ಗಂಧಕ ಇಲ್ಲ. ಆದರೆ ಉರಿಯದೆ ಜಾರಿಹೋಗುವ ಮೀಥೇನ್ ದೊಡ್ಡ ತಲೆನೋವು. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ತನ್ನಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಭೂಮಿಯನ್ನು ಬಿಸಿಮಾಡುತ್ತದೆ. ಒಂದು ಮೆಗಾಜೌಲ್ ಡೀಸೆಲ್ ಸುಟ್ಟರೆ ಸುಮಾರು 74 ಗ್ರಾಂ ಇಂಗಾಲದ ಡೈಆಕ್ಸೈಡ್, ನೈಸರ್ಗಿಕ ಅನಿಲವಾದರೆ 56 ಗ್ರಾಂ. ಲಾಭ 18 ಗ್ರಾಂ. ಆ ಒಂದು ಮೆಗಾಜೌಲಿನಲ್ಲಿ ಇರುವುದು ಸುಮಾರು 20 ಗ್ರಾಂ ಮೀಥೇನ್. ಅದರಲ್ಲಿ ನೂರಕ್ಕೆ 3 ಭಾಗ, ಅಂದರೆ 0.6 ಗ್ರಾಂ ಜಾರಿದರೆ ಅದೇ 17 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಲಾಭ ಅಲ್ಲಿಗೇ ಮುಗಿಯಿತು. ಐರೋಪ್ಯ ಒಕ್ಕೂಟ 2025ರಿಂದ ಜಾರಿಗೆ ತಂದ ಹಡಗು ಇಂಧನದ ನಿಯಮದಲ್ಲಿ ಗ್ಯಾಸನ್ನು ಗಾಳಿಯೊಡನೆ ಬೆರೆಸಿ ಉರಿಸುವ ಮಧ್ಯಮ ವೇಗದ ಇಂಜಿನ್ನುಗಳಿಗೆ ಇಟ್ಟಿರುವ ಸೋರಿಕೆಯ ಲೆಕ್ಕ ನೂರಕ್ಕೆ 3.1 ಭಾಗ. ಪಿಸ್ಟನ್ ಮೇಲೆ ಬಂದ ಮೇಲೆ ಗ್ಯಾಸನ್ನು ಭಾರೀ ಒತ್ತಡದಲ್ಲಿ ನೇರ ಉರಿಗೇ ಚಿಮ್ಮಿಸುವ ನಿಧಾನಗತಿಯ ಇಂಜಿನ್ನುಗಳಿಗೆ 0.2 ಮಾತ್ರ. ಗ್ಯಾಸ್ ಅದೇ, ಅದನ್ನು ಯಾವ ಹೊತ್ತಿಗೆ ಒಳಗೆ ಬಿಡುತ್ತೀರಿ ಎಂಬುದರಲ್ಲಿ ಇಷ್ಟು ಅಂತರ.

ಇಂಗಾಲವೇ ಇಲ್ಲದ ಅಮೋನಿಯಾವನ್ನೂ ಹೀಗೆ ಪೈಲಟ್ ಕೊಟ್ಟು ಉರಿಸುವ ಹಡಗಿನ ಇಂಜಿನ್ನುಗಳು ಬರುತ್ತಿವೆ. ಅಮೋನಿಯಾ ಮೀಥೇನಿಗಿಂತಲೂ ಹತ್ತಲು ಹಟಮಾರಿ, ಅದರಲ್ಲಿ ಉರಿ ತೆವಳುತ್ತದೆ. ಹದ ತಪ್ಪಿದರೆ ನೈಟ್ರಸ್ ಆಕ್ಸೈಡ್ ಹುಟ್ಟುತ್ತದೆ. ಅದು ಇಂಗಾಲದ ಡೈಆಕ್ಸೈಡಿಗಿಂತ 270 ಪಟ್ಟು ಬಿಸಿಮಾಡುವ ಅನಿಲ.

ಕಡ್ಡಿಯನ್ನೂ ಬದಲಿಸಬಹುದೇ? ಬದಲಿಸಬಹುದು, ನಮ್ಮ ಹೊಂಗೆ ಎಣ್ಣೆಯಿಂದ. ಹಿಂದೆ ಹಳ್ಳಿ ಮನೆಗಳಲ್ಲಿ ದೀಪಕ್ಕೆ ಹಾಕುತ್ತಿದ್ದ ಎಣ್ಣೆಯೇ ಇದು. ಅದರ ತೊಂದರೆ ಜಿಗುಟು. ಡೀಸೆಲ್ಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದವಾಗಿರುವುದರಿಂದ ನಾಜಲ್‌ನಿಂದ ಮಂಜಾಗಿ ಬಾರದೆ ದಪ್ಪ ಹನಿಗಳಾಗಿ ಬೀಳುತ್ತದೆ, ಬಾಯಿಗೆ ಕಿಟ್ಟ ಕಟ್ಟುತ್ತದೆ. ಮೆಥನಾಲ್ ಸೇರಿಸಿ ಗ್ಲಿಸರಿನ್ ಬೇರ್ಪಡಿಸಿದರೆ ತೆಳುವಾದ ಬಯೋಡೀಸೆಲ್ ಆಗುತ್ತದೆ. ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜಿನವರು ಹೊಂಗೆ ಎಣ್ಣೆ, ಅದರ ಬಯೋಡೀಸೆಲ್ ಎರಡನ್ನೂ ಪ್ರೊಡ್ಯೂಸರ್ ಗ್ಯಾಸಿನ ಜೊತೆ ಓಡಿಸಿ ನೋಡಿದ್ದಾರೆ. ದಕ್ಷತೆಯಲ್ಲಿ ಡೀಸೆಲ್ ಮೊದಲು, ಬಯೋಡೀಸೆಲ್ ಆಮೇಲೆ, ಕಚ್ಚಾ ಎಣ್ಣೆ ಕೊನೆಗೆ. ಆದರೂ ಹನಿ ಡೀಸೆಲ್ ಇಲ್ಲದೆ, ಊರ ಮರದ ಸೌದೆಗೆ ಊರ ಮರದ ಎಣ್ಣೆಯೇ ಕಡ್ಡಿಯಾಗಿ ಇಂಜಿನ್ ಓಡುತ್ತದೆ ಎಂಬುದು ನನಗೆ ಇಂದಿಗೂ ಮೈ ಜುಮ್ಮೆನ್ನಿಸುವ ಸಂಗತಿ.

ತಡವಾಗಿ ಹತ್ತುವ ಉರಿಗೆ ಪರಿಹಾರ ಇಲ್ಲದಿಲ್ಲ. ಪೈಲಟ್ಟನ್ನು ಕ್ರ್ಯಾಂಕ್ ತಿರುಗುವ ಕೋನದ ಲೆಕ್ಕದಲ್ಲಿ ನಾಲ್ಕಾರು ಡಿಗ್ರಿ ಮುಂಚೆ ಚಿಮ್ಮಿಸಿದರೆ ಗ್ಯಾಸಿಗೆ ಉರಿಯಲು ಬಿಡುವು ಸಿಗುತ್ತದೆ, ನೈಟ್ರೋಜನ್ ಆಕ್ಸೈಡ್ ಕೊಂಚ ಏರುವುದನ್ನು ಒಪ್ಪಿಕೊಳ್ಳಬೇಕು. ಲೋಡ್ ಕಡಿಮೆಯಿರುವಾಗ ಗಾಳಿಯನ್ನೂ ಸ್ವಲ್ಪ ಬಿಗಿಹಿಡಿದು ಮಿಶ್ರಣ ಗಟ್ಟಿಮಾಡಬಹುದು. ಕಾಲು ಲೋಡಿಗಿಂತ ಕೆಳಗೆ ಗ್ಯಾಸ್ ಪೂರ್ತಿ ನಿಲ್ಲಿಸಿ ಡೀಸೆಲ್ಲಿನಲ್ಲೇ ಓಡಿಸುವುದು ಎಲ್ಲಕ್ಕಿಂತ ಸರಳ. ಡೀಸೆಲ್ ಉಳಿತಾಯದ ಅಂಕಿ ಚೆನ್ನಾಗಿ ಕಾಣಲೆಂದು ಸದಾ ಗ್ಯಾಸ್ ತೆರೆದಿಡುವವರನ್ನು ಕಂಡಾಗ ಬೇಸರವಾಗುತ್ತದೆ.

ಹೊಸಹಳ್ಳಿಯ ಲೆಕ್ಕಪುಸ್ತಕವೂ ಇದನ್ನೇ ಹೇಳಿತು. 2004ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಇಂಧನ, ನಿರ್ವಹಣೆ, ರಿಪೇರಿ ಎಲ್ಲ ಸೇರಿ 5 ಕಿಲೋವ್ಯಾಟ್ ಲೋಡಿನಲ್ಲಿ ಒಂದು ಯೂನಿಟ್ಟಿಗೆ 5.85 ರೂಪಾಯಿ. ಅದೇ ಯಂತ್ರ, ಅದೇ ಸೌದೆ, ಲೋಡ್ 20 ಕಿಲೋವ್ಯಾಟ್ ಆದರೆ 3.34 ರೂಪಾಯಿ. ಸಂಜೆ ಮನೆಗೊಂದೆರಡು ಬಲ್ಬು ಉರಿದರೆ ಇಂಜಿನ್ನಿಗೆ ಅರ್ಧ ಹೊಟ್ಟೆಯೂ ತುಂಬುವುದಿಲ್ಲ. ಆ ಊರಲ್ಲಿ ದೀಪದ ಜೊತೆ ಕುಡಿಯುವ ನೀರಿನ ಪಂಪನ್ನೂ, ರಾಗಿ ಬೀಸುವ ಗಿರಣಿಯನ್ನೂ, ಹೊಲಕ್ಕೆ ನೀರೆತ್ತುವ ಪಂಪುಗಳನ್ನೂ ಅದೇ ಇಂಜಿನ್ನಿಗೆ ಜೋಡಿಸಿದ್ದರು. ಗಿರಣಿಗೆ ರಾಗಿ ಸುರಿದಾಗ ಇಂಜಿನ್ ಒಮ್ಮೆ ಏದುಸಿರು ಬಿಡುತ್ತದೆ, ಗವರ್ನರ್ ಒಂದಿಷ್ಟು ಡೀಸೆಲ್ ಬಿಡುತ್ತದೆ, ಗ್ಯಾಸ್ ವಾಲ್ವ್ ಇನ್ನರ್ಧ ತಿರುವು ತೆರೆದರೆ ಆ ಡೀಸೆಲ್ಲೂ ಮತ್ತೆ ತಗ್ಗುತ್ತದೆ. ಸಿಲಿಂಡರಿನ ಮೂಲೆಯಲ್ಲಿದ್ದ ಗ್ಯಾಸಿಗೂ ಆಗ ಉರಿ ಮುಟ್ಟುತ್ತದೆ.